ಫಿರಂಗಿ ತೋಟದ ಸಾವು – ೯: ಉಸಿರುಗಂಡಿಗೆ ತುರುಕಿದ ಕಂಬಳಿ

ಇರುವೆಗಳ ಸಾಲು ನೆಲಮಾಳಿಗೆಯ ಮೆಟ್ಟಿಲಿಳಿದು, ಗೋಡೆಯ ಬುಡ ಹಿಡಿದು, ನೇರವಾಗಿ ಗುಡಾಣಗಳ ಕಡೆಗೆ ಹೋಗುತ್ತಿತ್ತು.

ಜಮಾದಾರ ಕರಿಬಸಯ್ಯ ಮೊಣಕಾಲೂರಿ ಕೂತು ಕಂದೀಲನ್ನು ನೆಲದ ಹತ್ತಿರ ಹಿಡಿದ. ಬತ್ತಿ ಅಲುಗದೆ ಉರಿಯಿತು. ಕೆಟ್ಟ ಗಾಳಿ ಈಗ ಉಳಿದಿರಲಿಲ್ಲ. ಕೊರಳಮಟ್ಟ ನೆಲದಲ್ಲಿ ಹೂತ ದೊಡ್ಡ ದೊಡ್ಡ ಗುಡಾಣಗಳು ಹಲಗೆ ಮುಚ್ಚಿಕೊಂಡು ಸಾಲಾಗಿ ಕೂತಿದ್ದವು. ಹಲಗೆಯ ಅಂಚಿಗೆ ಮೆತ್ತಿದ ಮಣ್ಣು ಅಲ್ಲಲ್ಲಿ ಬಿರಿದಿತ್ತು. ಇರುವೆಗಳು ಆ ಬಿರುಕಿನೊಳಗೇ ನುಗ್ಗುತ್ತಿದ್ದವು.

"ಮೈಲಮ್ಮ, ಇಲ್ಲಿ ಇರಿಬಿ ಎಂದಿನಿಂದ ಹತ್ಯಾವ?"

ತೋಟದ ಕೆಲಸದ ಮೈಲಮ್ಮ ಮೇಲಿನ ಮೆಟ್ಟಿಲ ಮೇಲೇ ನಿಂತಿದ್ದಳು. ದೊರೆ ಸತ್ತ ಜಾಗಕ್ಕೆ ಇಳಿಯಲು ಅವಳಿಗೆ ಕಾಲು ಬರುತ್ತಿರಲಿಲ್ಲ.

"ಇರಿಬಿ? ಹಗೇದಾಗ ಇರಿಬಿ ಬರಂಗಿಲ್ರಿ ಅಯ್ಯಾರ. ಮ್ಯಾಲ ಹಣ್ಣು ತುಳಿಯೋ ಕಟ್ಟಿಗಿ ಬರ್ತಾವ. ಇಲ್ಲೇನೈತ್ರಿ ಅವಕ್ಕ? ಬರೇ ಹುಳಿ ರಸ."

ಧಾನ್ಯ ತುಂಬುವ ನೆಲಗುಣಿಯ ಹಾಗಿತ್ತೆಂದು ಊರವರು ಆ ನೆಲಮಾಳಿಗೆಯನ್ನು ಹಗೇವು ಎನ್ನುತ್ತಿದ್ದರು. ಆ ರಸದ ಗುಡಾಣಗಳ ನಡುವೆಯೇ ಎತಿಯೆನ್ ದೊರೆ ಬೋರಲು ಬಿದ್ದು ಸತ್ತಿದ್ದ. ನೆಲಮಾಳಿಗೆಯ ಕೆಟ್ಟ ಗಾಳಿ ಹೊರಗೆ ಹರಿದುಹೋಗುವ ಉಸಿರುಗಂಡಿಗೆ ಮೈಲಮ್ಮನ ಗಂಡ, ಕುರುಬರ ಮಾಳಿಂಗಪ್ಪನ ಕಂಬಳಿ ತುರುಕಲಾಗಿತ್ತು. ಮಾಳಿಂಗಪ್ಪ ಠಾಣೆಯ ಹವಾಲಾತಿನಲ್ಲಿ ಬಂದಿಯಾಗಿದ್ದ.

ಕರಿಬಸಯ್ಯ ಒಂದು ಹಲಗೆಯನ್ನು ಮೆಲ್ಲಗೆ ಎತ್ತಿದ. ಗುಡಾಣದ ಕೊರಳ ಒಳಗಡೆ ಕಪ್ಪನೆಯ ಗಂಟೊಂದು ಅಂಟಿಕೊಂಡಿತ್ತು. ಬೆರಳಿನಿಂದ ಕಿತ್ತು ಬೆಳಕಿಗೆ ಹಿಡಿದ. ಅದರ ಮೈಗೆ ಈಚಲ ಚಾಪೆಯ ಒಂದು ಎಳೆ ಹತ್ತಿತ್ತು.

ಮೂಸಿ ನೋಡಿದ.

"ಬೆಲ್ಲ," ಎಂದ.

ಮೈಲಮ್ಮ ಭಯ ಮರೆತು ಎರಡು ಮೆಟ್ಟಿಲು ಇಳಿದಳು. "ಬೆಲ್ಲ? ದೊರಿ ಹಗೇದಾಗ? ಆಗಂಗಿಲ್ಲ ಬಿಡ್ರಿ. ಒಮ್ಮೆ ನಮ್ಮ ತೋಟದಾಳು ಕುರುಮಯ್ಯನ ಕೈಯಾಗಿಂದ ಒಂದು ಚೂರು ಬೆಲ್ಲ ಕಟ್ಟಿ ಮ್ಯಾಲ ಬಿದ್ದಿದ್ಕ ಇಡೀ ಕಟ್ಟಿ ತೊಳಿಸಿದ್ದ. ಬೆಲ್ಲ ಬಿದ್ರ ಅದು ಭಟ್ಟಿ ಸೆರಿ ಆಕೈತಿ, ನನ್ನ ರಸ ಆಗಂಗಿಲ್ಲ ಅಂತ ದುಭಾಷಿ ಕೈಲೆ ಹೇಳಿಸಿದ್ದ."

ಅದು ಜಾಗೀರಿಗೆಲ್ಲ ಗೊತ್ತಿದ್ದ ಹಟ. ಎತಿಯೆನ್‌ನ ಅಜ್ಜ ಹಿಂದೆ ನೀಲಗಡ್ಡಿ ಜಾಗೀರದಾರರ ತೋಪು ಫಿರಂಗಿಗಳ ಉಸ್ತುವಾರಿಗೆ ಬಂದವನು. ಮಕ್ತಲ್ ಸೀಮೆ ಮುಗಿದು ಕೃಷ್ಣೆ ದಾಟಿದರೆ ಗದ್ವಾಲ್ ಎನ್ನುವ ಈ ದಂಡೆಯಲ್ಲಿ ದ್ರಾಕ್ಷಿ ಹಾಕಿ, ಬಂಡೆ ಕೊರೆಸಿ ಈ ನೆಲಮಾಳಿಗೆ ಮಾಡಿಸಿದ್ದ. ಅವನು ಸತ್ತ ಮೇಲೆ ತೋಟದ ತುಂಬ ಜಾಲಿ ಬೆಳೆಯಿತು. ಬಹಳ ವರ್ಷಗಳ ನಂತರ ಮೊಮ್ಮಗ ಫ್ರಾನ್ಸಿನಿಂದ ಹೆಂಡತಿಯೊಡನೆ ಬಂದು ಜಾಲಿ ಕಡಿಸಿದ. ಜೀವವಿದ್ದ ಹಳೆಯ ಬೇರುಗಳನ್ನು ಹುಡುಕಿ ಹೊಸ ಕುಡಿ ಕಸಿ ಕಟ್ಟಿದ.

ಮರದ ಪೀಪಾಯಿ ಈ ಬಿಸಿಲಿಗೆ ಸೀಳುತ್ತವೆಂದು ಕುಂಬಾರರಿಂದ ಗುಡಾಣ ಮಾಡಿಸಿ ನೆಲದಲ್ಲಿ ಹೂಳಿಸಿದ. ಗೊಬ್ಬರಕ್ಕೆಂದು ರಾತ್ರಿ ತೋಟದಲ್ಲಿ ಕುರಿ ತರುಬಿಸಿದ. ಹಣ್ಣನ್ನು ಬೆಳಗಿನ ತಂಪಿನಲ್ಲಿ ಕೊಯ್ಯಿಸಿ ಹೆಂಗಸರ ಕಾಲಿನಿಂದ ತುಳಿಸಿದ. ಅದಕ್ಕೆ ಏನನ್ನೂ ಬೆರೆಸಲಿಲ್ಲ. ಹಣ್ಣಿನ ಮೈಮೇಲಿನ ಬೂದಿಯೇ ರಸವನ್ನು ಬೆಂಕಿಯಿಲ್ಲದೆ ಹುಳಿಸಿ ಕುದಿಸಬೇಕು, ಅದೇ ನಿಲ್ಲಿಸಬೇಕು. ಆ ವೈನಿನ ಶೀಶೆಗಳು ಹೈದರಾಬಾದಿನ ದೊಡ್ಡ ಮನೆಗಳಿಗೆ ಹೋಗತೊಡಗಿದ್ದವು.

ಕರಿಬಸಯ್ಯ ಜಂಗಮರ ಮನೆಯವನು. ರಾಯಚೂರಿನ ಖುಫಿಯಾ, ಎಂದರೆ ಗುಪ್ತ ಪೊಲೀಸಿನಲ್ಲಿ ಜಮಾದಾರನಾಗಿ ಇಷ್ಟು ವರ್ಷ ದುಡಿದರೂ ಮದ್ಯ ಮುಟ್ಟಿದವನಲ್ಲ. ಈಗ ಕಣ್ಣು ಮುಚ್ಚಿ, ರಸಕ್ಕೆ ಬೆರಳದ್ದಿ, ನಾಲಿಗೆಗೆ ಒತ್ತಿಕೊಂಡ.

ಸಿಹಿ. ನಾಲಿಗೆಯ ತುದಿಗೆ ಸೂಜಿ ಚುಚ್ಚಿದಂಥ ಉರಿ.

"ಮೈಲಮ್ಮ, ನೆನಪು ಮಾಡಿ ಹೇಳವ್ವ. ದೊರೆ ಸಾಯೋ ಹೊತ್ತಿಗೆ ಈ ರಸ ಕುದೀತಿತ್ತೋ, ನಿಂತಿತ್ತೋ?"

"ನಿಂತು ಭಾಳ ದಿನ ಆಗಿತ್ರಿ. ಹಲಗಿಗಿ ಕಿವಿ ಇಟ್ರ ಸಪ್ಪಳಿಲ್ಲ. ಕುದಿಯೋ ಮುಂದ ದಿನಾ ದೀಪ ಇಳಿಸಿ ನೋಡಿ ಆಮ್ಯಾಲ ಇಳಿತಿದ್ದ. ನಮ್ಮ ಜ್ವಾಳದ ಹಗೇಕ್ಕ ಇಳಿತೀವಲ್ರಿ, ಹಂಗ. ಕುದಿ ನಿಂತ ಮ್ಯಾಲ ದೀಪ ಬಿಟ್ಟ. ಹೊತ್ತು ಹುಟ್ಟೂದ ತಡ, ಬಂದು ಬಗ್ಗಿ ರುಚಿ ನೋಡ್ತಿದ್ದ."

ಕರಿಬಸಯ್ಯ ಎದ್ದು ನಿಂತ. ಮಲಗಿದ್ದ ರಸವನ್ನು ಯಾರೋ ಬೆಲ್ಲ ಸುರಿದು ಎಬ್ಬಿಸಿದ್ದರು. ಅದು ರಾತ್ರಿಯೆಲ್ಲ ಕುದಿದು ಉಗುಳಿದ ಗಾಳಿ, ಉಸಿರುಗಂಡಿ ಮುಚ್ಚಿದ್ದರಿಂದ, ನೆಲದ ಮೇಲೆ ಕೆರೆಯ ಹಾಗೆ ನಿಂತಿತ್ತು. ದೊರೆ ಅದರೊಳಗೆ ಬಗ್ಗಿದ. ಮತ್ತೆ ಏಳಲಿಲ್ಲ.

ಕಂಬಳಿಯೊಂದರಿಂದ ಆದ ಕೆಲಸವಲ್ಲ ಇದು. ದೊರೆ ದೀಪ ಬಿಟ್ಟದ್ದು, ಬೆಲ್ಲ ಬಿದ್ದರೆ ರಸ ಮತ್ತೆ ಕುದಿಯುವುದು, ಇವೆಲ್ಲ ಬಲ್ಲವನು ಮಾಡಿದ ಕೆಲಸ. ಕಾಡಿನಲ್ಲಿ ಕುರಿ ಕಾಯುವ ಮಾಳಿಂಗಪ್ಪ ಈ ಮೆಟ್ಟಿಲನ್ನೇ ಇಳಿದವನಲ್ಲ.

"ದೊರೆ ಸಾಯೋ ಹಿಂದಿನ ದಿನ ಏನಾರ ನಡೀತೇನು?"

ಮೈಲಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ನಾ ಒಂದು ಮಾತು ಆಡೀನ್ರಿ. ಅದರಿಂದನ ಹಿಂಗಾತೇನೋ ಅಂತ ಜೀವ ಹೊಡಕೊಳ್ತೈತಿ."

"ಏನು ಮಾತು?"

"ಈ ಸಲ ದೊರಿ ನಮ್ಮ ಹತ್ರ ಕನ್ನಡ ಕಲಿಯಾಕ ಹತ್ತಿದ್ದ್ರಿ. ತುಳಿಯೋ ಮುಂದ ಬಂದು ಒಂದೊಂದ ಮಾತು ಕೇಳ್ತಿದ್ದ. ಸಾಯೋ ಹಿಂದಿನ ದಿನ ಕೇಳಿದ, ಮಾಳಿಂಗ ನನ್ನ ಮ್ಯಾಲ ಯಾಕ ಸಿಟ್ಟು ಅಂತ. ನಾ ಅಂದೆ, ಕುರಿ ತರುಬಿದಾಗೊಮ್ಮೆ ಒಂದು ಮರಿ ಕಸಗೊಂಡ್ರ ಸಿಟ್ಟು ಬರಂಗಿಲ್ಲೇನು ದೊರಿ ಅಂತ. ಮರಿ ಅಂದ್ರ ತಿಳೀಲಿಲ್ಲ ಅವಂಗ. ಮ್ಯಾ ಮ್ಯಾ ಅಂತ ಒದರಿ ತೋರ್ಸಿದೆ. ನಕ್ಕ. ಆಮ್ಯಾಲ ನಗು ನಿಂತು, 'ನಾನು? ಮರಿ? ನಾನು ಇಲ್ಲ' ಅಂದ. ಮಾರಿ ಕೆಂಪಗ ಮಾಡ್ಕೊಂಡು ಬಂಗ್ಲೆ ಕಡೆ ಹ್ವಾದ."

ಬಾಗಿಲಲ್ಲಿ ನೆರಳು ಬಿತ್ತು.

"ಅಯ್ಯಾರ, ಊಟದ ಹೊತ್ತಾತು. ಇನ್ನೂ ಹಗೇದಾಗ ಏನು ಹುಡಕ್ತೀರಿ?"

ಆದೆಪ್ಪ. ಹತ್ತಿರದ ನಾರ್ವ ಊರಿನ ವ್ಯಾಪಾರಸ್ಥರ ಮನೆಯ ಮಗ. ಪಾಂಡಿಚೇರಿಯ ಅಂಗಡಿಯೊಂದರಲ್ಲಿದ್ದು ಫ್ರೆಂಚ್ ಕಲಿತವನು. ದೊರೆ ಬಂದಂದಿನಿಂದ ತೋಟದ ದುಭಾಷಿ. ಬಿಳಿ ಕೋಟು, ತಿದ್ದಿದ ಮೀಸೆ, ಎಂದೂ ಏರದ ದನಿ. ಕರಿಬಸಯ್ಯ ನೀಲಗಡ್ಡಿಗೆ ಬಂದಾಗಿನಿಂದ ಅವನು ಬಲಗೈಯಂತಿದ್ದ. ಇಳಿದುಕೊಳ್ಳಲು ಕೋಣೆ, ಪೂಜೆಗೆ ನೀರು, ದೊರೆಯ ಹೆಂಡತಿ ಅಮ್ಮಾವ್ರ ಹತ್ತಿರ ಮಾತು, ಎಲ್ಲಕ್ಕೂ ಅವನೇ.

ಅಷ್ಟು ಬೇಕಾದವನಿಗೆ ಬೆಲ್ಲದ ಗಂಟನ್ನು ತೋರಿಸಬೇಕೆಂದು ಕರಿಬಸಯ್ಯನ ಕೈ ಮುಂದೆ ಬಂತು. ಯಾಕೋ ಏನೋ, ಅದನ್ನು ಹೆಗಲ ವಲ್ಲಿಯ ತುದಿಗೆ ಕಟ್ಟಿಕೊಂಡ.

"ನೀವು ಉಣ್ರಿ ಆದೆಪ್ಪ. ನಾ ಠಾಣೆಗೆ ಹೋಗಿ ಬರ್ತೀನಿ."

*

ಜಾಗೀರಿನ ಠಾಣೆಯ ಮುಖ್ಯಸ್ಥ ಅಮೀನ್ ಔರಂಗಾಬಾದಿನ ಕಡೆಯವರು. ಉರ್ದು ಬಿಟ್ಟು ಬೇರೆ ಮಾತು ಬಾರದು. ಕೆಟ್ಟ ಮನುಷ್ಯರಲ್ಲ, ಆದರೆ ಮುಗಿದ ಕೆಲಸವನ್ನು ಮತ್ತೆ ಬಿಚ್ಚುವುದೆಂದರೆ ಆಗುತ್ತಿರಲಿಲ್ಲ.

"ಮುಲ್ಜಿಮ್ ಕಬೂಲ್ ಕರ್ ಚುಕಾ, ಜಮಾದಾರ್ ಸಾಬ್," ಎಂದರು ಪಾನಿನ ಡಬ್ಬಿ ತೆರೆಯುತ್ತ. ಆರೋಪಿ ಒಪ್ಪಿದ ಮೇಲೆ ಇನ್ನೇನು ಉಳಿದಿದೆ ಎಂದು ಅವರ ಅರ್ಥ. ನಾಳೆ ಬೆಳಿಗ್ಗೆ ಅವನನ್ನು ನ್ಯಾಯ ನೋಡುವ ನಾಜಿಮರ ಕಚೇರಿಗೆ ಸಾಗಿಸುತ್ತಾರೆ. ಜಾಗೀರಿನೊಳಗೆ ಕರಿಬಸಯ್ಯನಿಗೆ ಕೊಟ್ಟ ಅಪ್ಪಣೆಯೂ ಇಂದು ಸಂಜೆಗೆ ಮುಗಿಯುತ್ತದೆ.

ಆ ಅಪ್ಪಣೆಯಾದರೂ ಎಂಥದು? ಕೇಳಬಹುದು, ಯಾರನ್ನೂ ಹಿಡಿಯುವಂತಿಲ್ಲ. ಹೊಳೆಯಾಚೆ ಗದ್ವಾಲಿಗೆ ಹೋದರೆ ಅವನ ಮಾತಿಗೆ ಎದ್ದು ನಿಲ್ಲುವ ಜವಾನರಿದ್ದರು. ಈ ದಂಡೆಯಲ್ಲಿ ಅವನೊಬ್ಬ ಅತಿಥಿ.

ಹವಾಲಾತಿನ ಸರಳಿನ ಹಿಂದೆ ಮಾಳಿಂಗಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದ. ಎತ್ತರದ ಆಳು. ಹೊದೆಯಲು ಕಂಬಳಿಯಿಲ್ಲದೆ ಹೆಗಲೆರಡೂ ಬೋಳಾಗಿ ಕಾಣುತ್ತಿದ್ದವು.

"ಶರಣ್ರಿ ಅಯ್ಯಾರ. ಕುರಿ ಮೇಯಾಕ ಯಾರು ಬಿಟ್ಟಾರ್ರಿ? ಈದಿದ್ದವು ಅದಾವ ಎರಡು."

"ನಿನ್ನ ಅಣ್ಣ ಬಿಟ್ಟಾನ. ಮಾಳಿಂಗಪ್ಪ, ಒಂದ ಮಾತು. ಗಂಡಿಗೆ ಕಂಬಳಿ ತುರುಕಿದ್ದು ನೀನ ಹೌದಲ್ಲೊ?"

"ಹೌದ್ರಿ."

"ಯಾಕ?"

"ದೊರಿ ಹೇಳಿದ್ದಕ್ಕ್ರಿ."

ಕರಿಬಸಯ್ಯ ಬಗ್ಗಿ ಅವನ ಮುಖ ನೋಡಿದ. "ದೊರೆ ಹೇಳಿದ್ನಾ? ದೊರೆ ಸಾಯಲಿ ಅಂತ ಮುಚ್ಚಿದೆ ಅಂತಲ್ಲ ನೀ ಅಮೀನ್ ಸಾಹೇಬ್ರ ಮುಂದ ಅಂದದ್ದು?"

"ಯಪ್ಪಾ!" ಮಾಳಿಂಗಪ್ಪ ಎದ್ದೇಬಿಟ್ಟ. "ನಾ ಯಾಕ ಹಂಗ ಅನ್ನಲಿ? ಬೀರಪ್ಪನ ಆಣಿ! ದೊರಿ ಮುಚ್ಚು ಅಂದ, ಮುಚ್ಚೀನಿ ಅಂದೀನ್ರಿ. ಮರಿ ಒಯ್ದಿದ್ಕ ಸಿಟ್ಟು ಇತ್ತು, ಅದನೂ ಅಂದೀನಿ. ಸುಳ್ಳು ಯಾಕ ಹೇಳಬೇಕು."

"ದೊರೆ ನಿನ್ನ ಮುಂದ ಬಂದು, ಬಾಯಿಬಿಟ್ಟು ಹೇಳಿದ್ನಾ?"

"ಅವರಿಗೆಲ್ಲಿ ನಮ್ಮ ಮಾತು ಬರ್ತೈತ್ರಿ? ಆದೆಪ್ಪಣ್ಣ ಬಂದು ಹೇಳಿದ. ಗಂಡಿಯಾಗ ಹಾವು ಹೊಕ್ಕಾವಂತ, ಹೊತ್ತು ಮುಳುಗೋದ್ರಾಗ ಮುಚ್ಚಬೇಕಂತ ದೊರಿ ಅಂದಾನ ಅಂತ. ಗೋಣಿಚೀಲ ಸಿಗಲಿಲ್ಲ. ನನ್ನ ಕಂಬಳಿನ ತುರುಕಿದೆ."

"ಅಮೀನ್ ಸಾಹೇಬ್ರಿಗೆ ಇದನ್ನೂ ಹೇಳ್ದಿ?"

"ಎಲ್ಲಾ ಹೇಳೀನ್ರಿ."

"ನಿನ್ನ ಮಾತು ಉರ್ದುದಾಗ ಅವರಿಗೆ ತಿಳಿಸಿದವರು ಯಾರು?"

"ಆದೆಪ್ಪಣ್ಣನ."

ಹೊರಗೆ ಕುದುರೆಯೊಂದು ನೆಲ ಕೆರೆಯುತ್ತಿತ್ತು. ಕರಿಬಸಯ್ಯ ಬಾಗಿಲ ಕಡೆ ನೋಡಿ ಮತ್ತೆ ಕೇಳಿದ.

"ಮರಿ ಒಯ್ಯಾಕ ಬರ್ತಿದ್ದವರು ಯಾರು?"

"ಆದೆಪ್ಪಣ್ಣನ ಬರ್ತಿದ್ದ್ರಿ. ದೊರಿ ಊಟಕ್ಕ ಅಂತ. ಪಾಪ, ಅವಂಗೂ ಮನಸಿದ್ದಿಲ್ಲ. 'ನಾ ಏನ್ ಮಾಡ್ಲಿ ಮಾಳಿಂಗಪ್ಪ, ದೊರಿ ಹುಕುಂ' ಅಂತಿದ್ದ." ಮಾಳಿಂಗಪ್ಪ ಸರಳಿಗೆ ಹತ್ತಿರವಾಗಿ ದನಿ ತಗ್ಗಿಸಿದ. "ಚಿಂತಿ ಮಾಡಬ್ಯಾಡ, ನಾ ಬಿಡಿಸ್ತೀನಿ ಅಂದಾನ್ರಿ. ನಿನ್ನೆನೂ ಬಂದು ರೊಟ್ಟಿ ಕೊಟ್ಟು ಹ್ವಾದ. ಅವ ಇರೋದ್ಕ ಧೈರ್ಯ ಐತ್ರಿ ಅಯ್ಯಾರ."

ಕರಿಬಸಯ್ಯನಿಗೆ ಅವನ ಮುಖ ನೋಡಲಾಗಲಿಲ್ಲ. ಯಾರ ಬಾಯಿಂದ ಈ ಬಾಗಿಲು ಮುಚ್ಚಿತೋ ಅವನನ್ನೇ ಈ ಮನುಷ್ಯ ನಂಬಿ ಕೂತಿದ್ದಾನೆ. ಹೇಳಿದರೆ ಆ ಧೈರ್ಯವೂ ಹೋಗುತ್ತದೆ. ಹೇಳಿ ಇವನಿಗೆ ಕೊಡಲು ತನ್ನಲ್ಲಿ ಬೇರೆ ಏನಿದೆ?

"ಉಣ್ಣು. ಬಿಡಬ್ಯಾಡ," ಎಂದಷ್ಟೇ ಹೇಳಿ ಹೊರಗೆ ಬಂದ.

ದಾರಿಯಲ್ಲಿ ಅವನ ಕಾಲು ನಿಂತುಹೋಯಿತು.

ಮಾಳಿಂಗಪ್ಪನದಷ್ಟೇ ಅಲ್ಲ. ತನ್ನದೂ ಅದೇ ಗತಿ. ಬಂದಂದಿನಿಂದ ಅಮ್ಮಾವ್ರನ್ನು ತಾನು ಕೇಳಿದ ಪ್ರತಿ ಪ್ರಶ್ನೆ ಆದೆಪ್ಪನ ಬಾಯಿಂದ ಹೋಗಿತ್ತು. ಪ್ರತಿ ಉತ್ತರ ಆದೆಪ್ಪನ ಬಾಯಿಂದ ಬಂದಿತ್ತು. ದೊರೆಗೆ ಯಾರ ಜೊತೆಗಾದರೂ ಜಗಳವಿತ್ತೇ ಎಂದು ಕೇಳಿದಾಗ ಆಕೆ ಕಣ್ಣೀರಿಡುತ್ತ ಎಷ್ಟೋ ಹೊತ್ತು ಮಾತಾಡಿದ್ದಳು. ಆದೆಪ್ಪ ತಲೆಯಾಡಿಸಿ ಕೇಳಿ, ಕೊನೆಗೆ, "ಮಾಳಿಂಗಪ್ಪನ ಸಂಗಡ ಅಷ್ಟ ಅಂತ್ರಿ," ಎಂದಿದ್ದ.

ಅಷ್ಟು ಉದ್ದದ ಅಳು ಇಷ್ಟು ಚಿಕ್ಕ ಮಾತು ಹೇಗಾಯಿತೆಂದು ಅಂದು ತನಗೆ ಅನ್ನಿಸಲೇ ಇಲ್ಲ!

ದೊರೆ ಏನು ಹೇಳಿದನೆಂದು ಊರಿಗೆ ಗೊತ್ತಿರಲಿಲ್ಲ. ಊರು ಏನು ಹೇಳಿತೆಂದು ದೊರೆಗೆ ಗೊತ್ತಿರಲಿಲ್ಲ. ನಡುವೆ ನಿಂತವನೇ ದೊರೆಯಾಗಿದ್ದ. ಆಮೇಲೆ ನಿಜವಾದ ದೊರೆ, ಹಣ್ಣು ತುಳಿಯುವ ಹೆಂಗಸರ ಹತ್ತಿರ, ಒಂದೊಂದೇ ಮಾತು ಕಲಿಯತೊಡಗಿದ. ಮರಿಯ ಮಾತು ಕೇಳಿ ಮುಖ ಕೆಂಪಾದ ಮಾರನೆಯ ಬೆಳಿಗ್ಗೆಯೇ ಸತ್ತ.

*

ಅಮ್ಮಾವ್ರು ವರಾಂಡದಲ್ಲಿ ಒಬ್ಬಳೇ ಕೂತಿದ್ದಳು. ಮಾರ್ಗರೀತ್ ಎಂದು ಹೆಸರು. ನರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ, ಕಪ್ಪು ಗೌನು ತೊಟ್ಟು, ಬಿಸಿಲಲ್ಲಿ ಬಾಡುತ್ತಿದ್ದ ಬಳ್ಳಿಗಳ ಸಾಲನ್ನೇ ನೋಡುತ್ತಿದ್ದಳು. ಒಳಗೆ ಮೈಲಮ್ಮ ನೆಲ ಒರೆಸುತ್ತಿದ್ದಳು. ಆದೆಪ್ಪ ಕಾಣಲಿಲ್ಲ.

ಕರಿಬಸಯ್ಯ ಕೈ ಮುಗಿದ. ಆಕೆ ಎದ್ದು ಏನೋ ಅಂದಳು. ಆದೆಪ್ಪ ಎಲ್ಲಿ ಎಂದಿರಬೇಕು. ಬೇಡ ಎಂಬಂತೆ ಅವನು ಕೈಯಾಡಿಸಿದ. ವಲ್ಲಿಯ ಗಂಟು ಬಿಚ್ಚಿ ಬೆಲ್ಲವನ್ನು ಅವಳ ಮುಂದಿನ ಮೇಜಿನ ಮೇಲಿಟ್ಟ. ನೆಲಮಾಳಿಗೆಯ ಕಡೆಗೆ ಬೆರಳು ತೋರಿಸಿದ. ಎರಡೂ ಕೈಯಿಂದ ಗುಡಾಣದ ಆಕಾರ ಮಾಡಿ, ಗಂಟನ್ನು ಅದರೊಳಗೆ ಹಾಕಿದಂತೆ ತೋರಿಸಿದ.

ಆಕೆ ಗಂಟನ್ನು ಎತ್ತಿ ಮೂಸಿದಳು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟಳು.

ಒಮ್ಮೆಲೇ ನೆಲಮಾಳಿಗೆಯ ಕಡೆ ತಿರುಗಿದಳು.

ಗಂಡನೊಡನೆ ಇಷ್ಟು ಸುಗ್ಗಿ ಕಂಡವಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುರ್ಚಿಯ ತೋಳು ಹಿಡಿದು ಕೂತಳು, ಮತ್ತೆ ಎದ್ದಳು. ಮಾತು ದಡದಡನೆ ಸುರಿಯತೊಡಗಿತು. ನೆಲಮಾಳಿಗೆ ತೋರಿಸಿದಳು. ಹೆಗಲ ಮೇಲೆ ಬುಟ್ಟಿ ಹೊತ್ತು ಬಗ್ಗಿ ನಡೆಯುವ ಹಾಗೆ ನಡೆದು ತೋರಿಸಿದಳು. ಹೊತ್ತು ಮುಳುಗುವುದನ್ನು ಕೈಯಿಂದ ತೋರಿಸಿದಳು.

"ಯಾರು?" ಎಂದ ಕರಿಬಸಯ್ಯ. "ಅಮ್ಮಾ, ಬುಟ್ಟಿ ಹೊತ್ತವರು ಯಾರು?"

ಆಕೆ ಬಾಯಿ ತೆರೆದಳು.

"ಏನಾತ್ರಿ ಅಯ್ಯಾರ? ನನ್ನ ಕರೀಬಾರದೇನ್ರಿ?"

ಮೆಟ್ಟಿಲ ಹತ್ತಿರ ಆದೆಪ್ಪ ನಿಂತಿದ್ದ. ಅವನ ಹಿಂದೆ ಅಮೀನ್ ಸಾಹೇಬರೂ ಇಬ್ಬರು ಜವಾನರೂ ಕುದುರೆಯಿಂದ ಇಳಿಯುತ್ತಿದ್ದರು. ಮಾಳಿಂಗಪ್ಪನನ್ನು ಸಾಗಿಸುವ ಮುನ್ನ ಅಮ್ಮಾವ್ರಿಗೆ ಸಲಾಂ ಹೇಳಿ ಹೋಗಲು ಬಂದಿದ್ದರಂತೆ.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಕರಿಬಸಯ್ಯ ಅಮೀನರ ಹತ್ತಿರ ಹೋಗಿ ತನಗೆ ಬರುವಷ್ಟು ಉರ್ದುವಿನಲ್ಲಿ ಎಲ್ಲವನ್ನೂ ಹೇಳಿದ. ಬೆಲ್ಲ, ಕುದಿ ನಿಂತ ರಸ, ಕುರಿಮರಿಗಳು, ಹಾವಿನ ಕಥೆ. ಮಾಳಿಂಗಪ್ಪ ಕನ್ನಡದಲ್ಲಿ ಅಂದದ್ದೊಂದು, ನಿಮಗೆ ಉರ್ದುವಿನಲ್ಲಿ ತಲುಪಿದ್ದೇ ಇನ್ನೊಂದು ಎಂದ.

ಆದೆಪ್ಪ ನಡುವೆ ಬಾಯಿ ಹಾಕಲಿಲ್ಲ. ಮುಗಿಯುವತನಕ ಕಾದು, ನೊಂದವನಂತೆ ತಲೆಯಾಡಿಸಿದ.

"ಮಾಳಿಂಗಪ್ಪನ ಕೊರಳಿಗಿ ಹಗ್ಗ ಬಂದೈತ್ರಿ ಅಯ್ಯಾರ. ಅವ ಯಾರ ಹೆಸರರ ಹೇಳ್ತಾನ. ಅವನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಅಮ್ಮಾವ್ರ ಇಲ್ಲೇ ಅದಾರಲ್ಲ, ಅವರನ್ನ ಕೇಳೂಣ್ರಿ."

"ನಿನ್ನ ಬಾಯಿಂದ ಬ್ಯಾಡ!"

ಅದನ್ನು ಆದೆಪ್ಪನೇ ಅಮೀನರಿಗೆ ಉರ್ದುವಿನಲ್ಲಿ ತಿಳಿಸಿದ. ಅಮೀನರು ಹುಬ್ಬೇರಿಸಿದರು. "ಜಮಾದಾರ್ ಸಾಬ್, ನಿಮಗೆ ಫ್ರೆಂಚ್ ಬರುತ್ತದೆಯೇ?" ಎಂದು ಕೇಳಿದರು.

"ಇಲ್ಲ."

"ರಾಯಚೂರಿನಲ್ಲಿ ಯಾರಿಗಾದರೂ? ಗದ್ವಾಲಿನಲ್ಲಿ?"

ಕರಿಬಸಯ್ಯ ಲೆಕ್ಕ ಹಾಕಿದ. ಹೈದರಾಬಾದಿನಲ್ಲಿ ಯಾರೋ ಪಾದ್ರಿ ಇದ್ದಾರು. ಅವರನ್ನು ಹುಡುಕಿ ತರುವ ಹೊತ್ತಿಗೆ ಮಾಳಿಂಗಪ್ಪನ ವಿಚಾರಣೆಯೇ ಮುಗಿದಿರುತ್ತದೆ.

"ಮತ್ತೆ ಇವರು ಸುಳ್ಳು ಹೇಳುತ್ತಾರೆಂದು ನಿಮಗೆ ಹೇಗೆ ಗೊತ್ತು?"

ಕರಿಬಸಯ್ಯ ಮತ್ತೆ ಮೇಜಿನ ಮೇಲಿನ ಬೆಲ್ಲದ ಕಡೆ ಬೆರಳು ಮಾಡಿದ.

ಆದೆಪ್ಪ ಅಮ್ಮಾವ್ರ ಕಡೆ ತಿರುಗಿ ಮೃದುವಾಗಿ ಏನೋ ಕೇಳಿದ. ಆಕೆ ಅವನತ್ತ ನೋಡಲೂ ಇಲ್ಲ. ಅಮೀನರನ್ನೇ ದಿಟ್ಟಿಸಿ, ಮೇಜು ಕುಟ್ಟಿ, ಬೆಲ್ಲವನ್ನು ಎತ್ತಿ ಹಿಡಿದು ಮಾತಾಡಿದಳು. ಮತ್ತೆ ಬುಟ್ಟಿ ಹೊತ್ತು ತೋರಿಸಿದಳು. ಅರ್ಥವಾಗದ ಆ ಮಾತಿನ ಹೊಳೆಯಲ್ಲಿ ಕರಿಬಸಯ್ಯನ ಕಿವಿಗೆ ಒಂದೇ ಒಂದು ಗುರುತಿನ ಮಾತು ಸಿಕ್ಕಿತು.

ಆದೆಪ್ಪ.

"ಕೇಳಿದ್ರಾ?" ಅವನು ಅಮೀನರ ತೋಳನ್ನೇ ಹಿಡಿದುಬಿಟ್ಟ. "ಇವನ ಹೆಸರು ಅಂದರು! ನಿಮ್ಮ ಕಿವಿಯಿಂದ ಕೇಳಿದ್ರಲ್ಲ!"

"ಹೌದ್ರಿ, ಅಂದ್ರು," ಎಂದ ಆದೆಪ್ಪ. ಅವನ ದನಿ ಒಂದಿಷ್ಟೂ ಏರಲಿಲ್ಲ, ಕನ್ನಡದಲ್ಲಿ ಅಂದದ್ದನ್ನೇ ಅಮೀನರಿಗೆ ಉರ್ದುವಿನಲ್ಲೂ ಹೇಳುತ್ತ ಹೋದ. "'ಆದೆಪ್ಪ, ಇವರಿಗಿ ಬಿಡಿಸಿ ಹೇಳು' ಅಂದ್ರು. ಹ್ಯಾಂಗ ಹೇಳ್ಲಿ ಅಂತ ನನಗ ಸಂಕಟ ಆಗೇತಿ."

"ಏನು ಹೇಳಬೇಕಂತೆ?" ಎಂದರು ಅಮೀನರು.

ಆದೆಪ್ಪ ನೆಲ ನೋಡಿದ. "ಹಿಂದಿನ ದಿನ ಹೊತ್ತು ಮುಳುಗೋ ಮುಂದ ಬೆಲ್ಲದ ಬುಟ್ಟಿ ಹೊತ್ತು ಹಗೇದಾಗ ಇಳಿದಿದ್ದು ಮೈಲಮ್ಮ ಅಂತ. ಗಂಡ ಗಂಡಿ ಮುಚ್ಚಿದ, ಹೆಂಡ್ತಿ ಬೆಲ್ಲ ಸುರುವಿದಳು ಅಂತ."

ಒಳಬಾಗಿಲಲ್ಲಿ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಮೈಲಮ್ಮ ಹೊರಗೆ ಬಂದಳು.

"ನಾನು? ಅಮ್ಮಾವ್ರು ಹಂಗ ಅಂದ್ರಾ?"

"ಸುಳ್ಳು! ಆಕೆ ಹಾಗೆ ಅನ್ನಲಿಲ್ಲ," ಎಂದು ಕರಿಬಸಯ್ಯ ಕೂಗಿದ.

"ಅನ್ನಲಿಲ್ಲಂದ್ರ ಏನಂದ್ರು, ನೀವ ಹೇಳ್ರಿ," ಎಂದ ಆದೆಪ್ಪ.

ಆಮೇಲೆ ಅವನು ಅಮ್ಮಾವ್ರ ಕಡೆ ತಿರುಗಿ ಇನ್ನೊಂದು ಚಿಕ್ಕ ಪ್ರಶ್ನೆ ಕೇಳಿದ. ಆಕೆ ಜೋರಾಗಿ ತಲೆಯಾಡಿಸಿದಳು. "ವೀ! ವೀ!" ಎಂದಳು.

ಅಮೀನರಿಗೂ ಅದೊಂದು ಮಾತು ಗೊತ್ತಿತ್ತು. ಹೌದು ಎಂದು. ಆದೆಪ್ಪ ಕೇಳಿದ್ದೇನು? 'ನೀವು ಕಂಡದ್ದು ನಿಜವೇ' ಎಂದೋ? 'ನಿಮ್ಮ ಗಂಡನಿಗೆ ನ್ಯಾಯ ಬೇಕೇ' ಎಂದೋ? ಯಾವ ಪ್ರಶ್ನೆಗೆ ಆ ಹೌದು ಎಂದು ಆ ವರಾಂಡದಲ್ಲಿ ಆದೆಪ್ಪನೊಬ್ಬನಿಗೇ ಗೊತ್ತು.

ಅಮೀನರು ಜವಾನರಿಗೆ ಕಣ್ಣಲ್ಲೇ ಸನ್ನೆ ಮಾಡಿದರು.

ಮೈಲಮ್ಮ ಕೂಗಾಡಲಿಲ್ಲ. ಜವಾನ ಕೈ ಹಿಡಿದಾಗ ಕರಿಬಸಯ್ಯನ ಕಡೆ ನೋಡಿದಳು. "ಅಯ್ಯಾರ, ನೀವು ನೋಡೀರಲ್ರಿ. ಬೆಲ್ಲ ಅಂದಾಗ ನಾ ನಂಬಲಿಲ್ಲ, ನೋಡೀರಲ್ರಿ. ಒಂದ್ ಮಾತು ಹೇಳ್ರಿ."

ಅವನು ಹೇಳಿದ. ಉರ್ದುವಿನಲ್ಲಿ ಹೇಳಿದ, ಎರಡೆರಡು ಸಲ ಹೇಳಿದ. ಅಮೀನರು ತಾಳ್ಮೆಯಿಂದ ಕೇಳಿಸಿಕೊಂಡರು. "ಬೆಲ್ಲ ಸಿಕ್ಕಾಗ ಇವಳು ನಿಮ್ಮ ಜೊತೆಗೇ ಇದ್ದಳಲ್ಲವೇ? ಒಳ್ಳೆಯ ನಟನೆ," ಎಂದರು.

ಅಮ್ಮಾವ್ರು ಗಾಬರಿಯಿಂದ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಯಾಕೆ ಮೈಲಮ್ಮನನ್ನು ಎಳೆಯುತ್ತಿದ್ದಾರೆಂದು ತಿಳಿಯದೆ ಓಡಿಬಂದು ಅವಳನ್ನು ಅಪ್ಪಿಕೊಂಡಳು. ಜವಾನನ ಕೈ ಬಿಡಿಸಲು ನೋಡಿದಳು.

"ಕ್ಷಮಿಸಿದ್ದೇನೆ ಎನ್ನುತ್ತಿದ್ದಾರೆ," ಎಂದ ಆದೆಪ್ಪ ಅಮೀನರಿಗೆ ಉರ್ದುವಿನಲ್ಲಿ. "ದೊಡ್ಡ ಮನಸು."

ಅಮೀನರ ಕಣ್ಣು ಒದ್ದೆಯಾಯಿತು. ಟೋಪಿ ತೆಗೆದು ಅಮ್ಮಾವ್ರಿಗೆ ಬಗ್ಗಿ ಸಲಾಂ ಮಾಡಿ ಕುದುರೆಯೇರಿದರು. ಹೊರಡುವ ಮುನ್ನ ಒಬ್ಬ ಜವಾನನನ್ನು ಕರಿಬಸಯ್ಯನ ಪಕ್ಕ ನಿಲ್ಲಿಸಿದರು. ಕಡೆಯ ಹರಿಗೋಲು ಹೊರಡುವುದರೊಳಗೆ ಜಮಾದಾರ್ ಸಾಹೇಬರು ಹೊಳೆ ದಾಟಿರಬೇಕು. ಹುಕುಂ.

ಕುದುರೆಯ ಹಿಂದೆ, ಹಗ್ಗ ಕಟ್ಟಿದ ಕೈಗಳನ್ನು ಎದೆಗೆ ಒತ್ತಿಕೊಂಡು, ಮೈಲಮ್ಮ ಬಳ್ಳಿಗಳ ಸಾಲಿನ ನಡುವೆ ನಡೆದುಹೋದಳು.

ಆದೆಪ್ಪ ಅವರನ್ನು ಕಳಿಸಲು ಗೇಟಿನವರೆಗೆ ಹೋದ.

ಕರಿಬಸಯ್ಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಬೆಳಿಗ್ಗೆ ಒಬ್ಬ ನಿರಪರಾಧಿ ಒಳಗಿದ್ದ. ತಾನು ಒಂದು ಗಂಟು ಬೆಲ್ಲ ಹುಡುಕಿ ತೆಗೆದದ್ದರಿಂದ ಈಗ ಇಬ್ಬರಾದರು. ಸುಮ್ಮನಿದ್ದಿದ್ದರೆ ಆ ಹೆಣ್ಣುಮಗಳಾದರೂ ಮನೆಯಲ್ಲಿ ಇರುತ್ತಿದ್ದಳು.

ತೋಳನ್ನು ಯಾರೋ ಜಗ್ಗಿದರು.

ಅಮ್ಮಾವ್ರು. ಏನನ್ನೋ ನೆನಪಿನ ತಳದಿಂದ ಎತ್ತಿ ತರುವವಳಂತೆ ಕಣ್ಣು ಮುಚ್ಚಿ ತೆರೆದಳು.

"ಬೆಲ್ಲ," ಎಂದಳು.

ಕರಿಬಸಯ್ಯ ಅವಳ ಕಡೆ ತಿರುಗಿದ.

"ಮೈಲಮ್ಮ ಇಲ್ಲ. ಇಲ್ಲ." ಒಂದೊಂದು ಅಕ್ಷರವೂ ಮುರಿದು ಮುರಿದು ಬರುತ್ತಿತ್ತು, ಗಂಡ ಕಲಿತು ಬಂದು ಒಪ್ಪಿಸುತ್ತಿದ್ದ ಮಾತುಗಳಿರಬೇಕು. "ಬೆಲ್ಲ... ಆದೆಪ್ಪ ತಂದ. ನಾನು ನೋಡ್ದೆ."

ಅವನು ಎದ್ದು ಗೇಟಿನ ಕಡೆ ಓಡಿದ. "ಅಮೀನ್ ಸಾಬ್! ಅಮೀನ್ ಸಾಬ್!" ಕುದುರೆಗಳು ಆಗಲೇ ದಿಬ್ಬ ಇಳಿದಿದ್ದವು. ಧೂಳು ಮಾತ್ರ ಕಾಣುತ್ತಿತ್ತು. ಕನ್ನಡ ತಿಳಿಯದ ಜವಾನ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದು, "ಬಸ್, ಚಲೋ ಸಾಬ್," ಎಂದು ಹೊಳೆಯ ಕಡೆ ತಿರುಗಿಸಿದ.

ತಿರುಗಿದರೆ, ಬೇಲಿಯ ಮಗ್ಗುಲಲ್ಲಿ, ಮೆಟ್ಟಿಲಿನಿಂದ ಮಾತು ಕೇಳುವಷ್ಟು ಹತ್ತಿರದಲ್ಲಿ, ಆದೆಪ್ಪ ನಿಂತಿದ್ದ. ವರಾಂಡದಲ್ಲಿ ಒಬ್ಬಳೇ ನಿಂತಿದ್ದ ಅಮ್ಮಾವ್ರ ಕಡೆಗೆ ನೋಡುತ್ತಿದ್ದ.

"ಅಮ್ಮಾವ್ರೂ ಕನ್ನಡ ಕಲ್ತಾರ," ಎಂದ ಅವನು ಮೆಲ್ಲಗೆ. "ನನಗ ಗೊತ್ತ ಇದ್ದಿಲ್ಲ ನೋಡ್ರಿ ಅಯ್ಯಾರ."